ಟ್ಯಾಪ್ ಟೆಂಪೊ ಡಿಲೇ ಪೆಡಲ್ ತಾಳ ತಪ್ಪಿದಾಗ: ಲಕ್ಷಣ ನೋಡಿ ದೋಷ ಹುಡುಕುವ ಬಗೆ

ಗಿಟಾರಿನ ಸದ್ದನ್ನು ತಡಮಾಡಿ ಮರುದನಿಯಾಗಿ ಮತ್ತೆ ಕೇಳಿಸುವುದು ಡಿಲೇ ಪೆಡಲ್; ಗುಂಡಿಯನ್ನು ಕಾಲಿನಿಂದ ತಟ್ಟಿ ಅದಕ್ಕೆ ಹಾಡಿನ ಲಯ ತಿಳಿಸುವುದು ಟ್ಯಾಪ್ ಟೆಂಪೊ. ‘ಟ್ಯಾಪ್ ಕೆಟ್ಟುಹೋಗಿದೆ’ ಎಂಬ ದೂರಿನೊಂದಿಗೆ ಬರುವ ಡಿಲೇ ಪೆಡಲ್‌ಗಳನ್ನು ಬಿಚ್ಚುವ ಅಗತ್ಯ ಬೀಳುವುದು ಅಪರೂಪ. ಬಹುಪಾಲು ದೋಷ ಪೆಡಲಿನ ಹೊರಗೇ ಇರುತ್ತದೆ: ತಟ್ಟುವ ಕಾಲಿನಲ್ಲಿ, ಯಾರೋ ಮುಟ್ಟಿ ಮರೆತ ಒಂದು ಪುಟ್ಟ ಸ್ವಿಚ್ಚಿನಲ್ಲಿ, ಇಲ್ಲವೇ ಇನ್ನಾವುದೋ ಉಪಕರಣದಿಂದ ಎರವಲು ಬಂದ ಅಡಾಪ್ಟರಿನಲ್ಲಿ.

ಪೆಡಲ್ ಮಾಡುವ ಕೆಲಸ ಸರಳವಾದದ್ದು. ಎರಡು ತಟ್ಟುಗಳ ನಡುವಿನ ಅಂತರವನ್ನು ಅಳೆದು, ಆ ಅಂತರವನ್ನೋ ಅದರ ಒಂದು ಭಾಗವನ್ನೋ ಮರುದನಿಯ ಅವಧಿಯಾಗಿ ಇಟ್ಟುಕೊಳ್ಳುತ್ತದೆ. ಹಾಗಾಗಿ ಮರುದನಿ ತಪ್ಪಿದಾಗ ಮೊದಲು ಕೇಳಬೇಕಾದ ಪ್ರಶ್ನೆ ‘ಎಷ್ಟು ತಪ್ಪಿದೆ?’ ಎಂಬುದು. ಅರ್ಧ, ಮುಕ್ಕಾಲು, ಇಮ್ಮಡಿ ಎಂಬಂತೆ ಚೊಕ್ಕ ಲೆಕ್ಕದಲ್ಲಿ ತಪ್ಪಿದ್ದರೆ ಅದು ಸೆಟ್ಟಿಂಗಿನ, ಇಲ್ಲವೇ ಹೊರಗಿನಿಂದ ಜೋಡಿಸಿದ ಸ್ವಿಚ್ಚಿನ ಜಾತಿಯ ವಿಷಯ. ಒಮ್ಮೊಮ್ಮೆ ಒಂದೊಂದು ಪ್ರಮಾಣದಲ್ಲಿ ತಪ್ಪಿದರೆ ಕಾಲನ್ನೋ ಸ್ವಿಚ್ಚಿನ ಸಂಪರ್ಕವನ್ನೋ ಅನುಮಾನಿಸಬೇಕು. ಏನು ಮಾಡಿದರೂ ಕದಲದಿದ್ದರೆ ಮೋಡ್, ಮಿತಿ ಅಥವಾ ವೈರಿನ ಕಡೆಗೆ ನೋಡಬೇಕು.

## ಪರೀಕ್ಷೆಗೆ ಮುನ್ನ

ಬೋರ್ಡಿನ ಮೇಲಿರುವ ಉಳಿದ ಪೆಡಲ್‌ಗಳನ್ನೆಲ್ಲ ಬಿಡಿಸಿ. ಗಿಟಾರ್, ಡಿಲೇ, ಆ್ಯಂಪ್ ಇಷ್ಟೇ ಸಾಲಿನಲ್ಲಿರಲಿ. ಪೆಡಲಿಗೆ ಅದರದೇ ಅಡಾಪ್ಟರ್ ಹಾಕಿ, ಮೂಲ ಸದ್ದಿಗೆ ಮರುದನಿ ಎಷ್ಟು ಬೆರೆಯಬೇಕೆಂದು ಹೊಂದಿಸುವ ಮಿಕ್ಸ್ ನಾಬನ್ನು ಅರ್ಧಕ್ಕೆ ತನ್ನಿ, ಮೂರು ನಾಲ್ಕು ಮರುದನಿ ಕೇಳುವಷ್ಟು ಫೀಡ್‌ಬ್ಯಾಕ್ ಇಡಿ. ಮೊಬೈಲಿನ ಮೆಟ್ರೊನೋಮ್ 120 ಬಿಪಿಎಂನಲ್ಲಿ, ಅಂದರೆ ನಿಮಿಷಕ್ಕೆ 120 ಪೆಟ್ಟಿನ ವೇಗದಲ್ಲಿ, ಓಡಲಿ. ಎಡಗೈಯಿಂದ ತಂತಿಗಳನ್ನು ಅದುಮಿ ಹಿಡಿದು ‘ಟಕ್’ ಎಂದು ಒಂದೇ ಸಲ ಮೀಟಿ. ಉದ್ದ ಸ್ವರ ನುಡಿಸಿದರೆ ಮರುದನಿ ಎಲ್ಲಿ ಆರಂಭವಾಯಿತೆಂದು ಕಿವಿಗೆ ತಿಳಿಯುವುದಿಲ್ಲ.

ಮೆಟ್ರೊನೋಮನ್ನು ಬ್ಲೂಟೂತ್ ಸ್ಪೀಕರಿನಲ್ಲಿ ಕೇಳಬಹುದೇ ಎಂಬ ಅನುಮಾನ ಕೆಲವರಿಗಿದೆ. ಟ್ಯಾಪ್ ಮಾಡುವ ಮಟ್ಟಿಗೆ ಧಾರಾಳವಾಗಿ ಕೇಳಬಹುದು. ಎಲ್ಲ ಪೆಟ್ಟುಗಳೂ ಒಂದೇ ಪ್ರಮಾಣದಲ್ಲಿ ತಡವಾಗಿ ಬರುವುದರಿಂದ ಅವುಗಳ ನಡುವಿನ ಅಂತರ ಬದಲಾಗುವುದಿಲ್ಲ.

ಮರುದನಿಯ ಅವಧಿ ತಿಳಿಯಲು 60,000ವನ್ನು ಬಿಪಿಎಂನಿಂದ ಭಾಗಿಸಿದರೆ ಮಿಲಿಸೆಕೆಂಡ್ ಸಿಗುತ್ತದೆ. ಆಗಾಗ ಬೇಕಾಗುವ ಅಂಕಿಗಳು ಇವು:

| ಬಿಪಿಎಂ | ಪೂರ್ತಿ ಪೆಟ್ಟು | ಮುಕ್ಕಾಲು | ಮೂರನೇ ಎರಡು | ಅರ್ಧ |
|---|---|---|---|---|
| 80 | 750 | 563 | 500 | 375 |
| 100 | 600 | 450 | 400 | 300 |
| 120 | 500 | 375 | 333 | 250 |
| 140 | 429 | 321 | 286 | 214 |

## ತಟ್ಟಿದರೂ ಏನೂ ಬದಲಾಗುವುದಿಲ್ಲ

ಖರ್ಚಿಲ್ಲದ ಪರೀಕ್ಷೆಗಳು ಮೊದಲು. ಒಂದೇ ತಟ್ಟಿನಿಂದ ಯಾವ ಪೆಡಲಿಗೂ ಲಯ ತಿಳಿಯದು. ಕನಿಷ್ಠ ಎರಡು ಬೇಕು, ಕೆಲವು ಮೂರು ನಾಲ್ಕು ತಟ್ಟುಗಳ ಸರಾಸರಿ ತೆಗೆಯುತ್ತವೆ. ನಾಲ್ಕು ಸಲ ತಟ್ಟಿ ನೋಡಿ. ಬಾಸ್ ಡಿಡಿ-7ನಂಥ ಒಂದೇ ತುಳಿಗುಂಡಿಯ ಪೆಡಲಿನಲ್ಲಿ ಗುಂಡಿಯನ್ನು ಸುಮಾರು ಎರಡು ಸೆಕೆಂಡ್ ಒತ್ತಿ ಹಿಡಿದು ಟ್ಯಾಪ್ ಸ್ಥಿತಿಗೆ ಹೋಗಬೇಕು. ಅದಕ್ಕೂ ಮೊದಲು ಎಷ್ಟು ತುಳಿದರೂ ಪೆಡಲ್ ಆನ್ ಆಫ್ ಆಗುತ್ತಿರುತ್ತದೆ, ಅಷ್ಟೇ.

ತಟ್ಟಿದ ಮೇಲೆ ಮರುದನಿಯ ಅವಧಿ ಹೊಂದಿಸುವ ಟೈಮ್ ನಾಬನ್ನು ಮುಟ್ಟಿದಿರಾ? ಹಲವು ಪೆಡಲ್‌ಗಳಲ್ಲಿ ಕೊನೆಗೆ ಮುಟ್ಟಿದ್ದೇ ಗೆಲ್ಲುತ್ತದೆ. ಬ್ಯಾಗಿನಿಂದ ತೆಗೆಯುವಾಗ ನಾಬ್ ಕೂದಲೆಳೆಯಷ್ಟು ತಿರುಗಿದರೂ ನೀವು ತಟ್ಟಿದ ಲಯ ಅಳಿಸಿಹೋಗುತ್ತದೆ. ಪೆಡಲಿಗೆ ಮಿಡಿ ಕೇಬಲ್ ಸಿಕ್ಕಿಸಿದ್ದರೆ ಅದನ್ನೂ ಕಿತ್ತು ನೋಡಿ. ಆ ಕೇಬಲಿನಲ್ಲಿ ಇನ್ನೊಂದು ಉಪಕರಣದ ಲಯದ ಸಂಕೇತ, ಅಂದರೆ ಮಿಡಿ ಕ್ಲಾಕ್, ಬರುತ್ತಿದ್ದರೆ ಪೆಡಲ್ ಅದನ್ನೇ ಅನುಸರಿಸಿ ನಿಮ್ಮ ಕಾಲನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿರಬಹುದು.

ವೇಗದ ಹಾಡಿನಲ್ಲಿ ಟ್ಯಾಪ್ ಸರಿಯಾಗಿ ನಡೆದು ನಿಧಾನದ ಹಾಡಿನಲ್ಲಿ ಮಾತ್ರ ಕೈಕೊಟ್ಟರೆ ಅದು ಅವಧಿಯ ಮಿತಿ. ಅನಲಾಗ್ ಪೆಡಲ್‌ಗಳಲ್ಲಿ 600 ಮಿಲಿಸೆಕೆಂಡಿನ ಗರಿಷ್ಠ ಮಿತಿ ಸಾಮಾನ್ಯ. ಅಂದರೆ 100 ಬಿಪಿಎಂಗಿಂತ ನಿಧಾನವಾದ ಪೂರ್ತಿ ಪೆಟ್ಟು ಅದರೊಳಗೆ ಹಿಡಿಸುವುದಿಲ್ಲ. 72 ಬಿಪಿಎಂನ ಭಾವಗೀತೆಯೊಂದಕ್ಕೆ 833 ಮಿಲಿಸೆಕೆಂಡ್ ಬೇಕು. ಆಗ ಕೆಲವು ಪೆಡಲ್‌ಗಳು ತಟ್ಟನ್ನೇ ಕಡೆಗಣಿಸುತ್ತವೆ, ಕೆಲವು ಗರಿಷ್ಠಕ್ಕೆ ಹೋಗಿ ನಿಲ್ಲುತ್ತವೆ, ಜಾಣ ಪೆಡಲ್‌ಗಳು ಅರ್ಧ ಮಾಡಿಕೊಳ್ಳುತ್ತವೆ. ಇಮ್ಮಡಿ ವೇಗದಲ್ಲಿ ತಟ್ಟಿದರೆ 417 ಮಿಲಿಸೆಕೆಂಡಿನಲ್ಲಿ ಕೆಲಸ ನಡೆಯುತ್ತದೆ. ದುರಸ್ತಿ ಮಾಡುವಂಥದ್ದು ಇಲ್ಲಿ ಏನೂ ಇಲ್ಲ.

ಇಷ್ಟರ ಮೇಲೂ ಕದಲದಿದ್ದರೆ, ಮತ್ತು ನೀವು ಬಳಸುತ್ತಿರುವುದು ಹೊರಗಿನಿಂದ ಜೋಡಿಸಿದ ಫುಟ್‌ಸ್ವಿಚ್ ಆದರೆ, ಮುಂದಿನ ಭಾಗ ನಿಮಗಾಗಿಯೇ.

## ಹೊರಗಿನ ಫುಟ್‌ಸ್ವಿಚ್ ಹಾಕಿದಾಗ ಮಾತ್ರ ತೊಂದರೆ

ಫುಟ್‌ಸ್ವಿಚ್‌ಗಳಲ್ಲಿ ಎರಡು ಜಾತಿ. ಒತ್ತಿದಾಗ ಮಾತ್ರ ಸಂಪರ್ಕ ಕೊಟ್ಟು ಬಿಟ್ಟೊಡನೆ ಕಡಿಯುವುದು ಮೊಮೆಂಟರಿ. ಒಮ್ಮೆ ಒತ್ತಿದರೆ ಆನ್ ಆಗಿಯೇ ಉಳಿದು ಮತ್ತೆ ಒತ್ತಿದಾಗ ಆಫ್ ಆಗುವುದು ಲ್ಯಾಚ್. ಟ್ಯಾಪಿಗೆ ಬೇಕಿರುವುದು ಸಾಮಾನ್ಯವಾಗಿ ಮೊಮೆಂಟರಿ. ಬಾಸ್ ಕಂಪನಿಯದೇ ಎಫ್‌ಎಸ್-5ಯು ಮೊಮೆಂಟರಿ, ಎಫ್‌ಎಸ್-5ಎಲ್ ಲ್ಯಾಚ್. ನೋಡಲು ಎರಡೂ ಹೆಚ್ಚುಕಡಿಮೆ ಒಂದೇ ಬಗೆಯವು, ಹೆಸರಿನ ಕೊನೆಯ ಅಕ್ಷರ ನೋಡಿ ಗುರುತಿಸಬೇಕು.

ಲ್ಯಾಚ್ ಸ್ವಿಚ್ ಹಾಕಿದಾಗಿನ ಲಕ್ಷಣ ಸ್ಪಷ್ಟವಾಗಿರುತ್ತದೆ: ಮರುದನಿ ನೀವು ತಟ್ಟಿದ್ದಕ್ಕಿಂತ ಸರಿಯಾಗಿ ಎರಡು ಪಟ್ಟು ನಿಧಾನ. ಎರಡು ತುಳಿತಕ್ಕೆ ಒಮ್ಮೆ ಮಾತ್ರ ಸಂಪರ್ಕ ಕೂಡುವುದರಿಂದ ಪೆಡಲ್ ಒಂದು ಬಿಟ್ಟು ಒಂದನ್ನು ಎಣಿಸುತ್ತದೆ. 

ಪೋಲಾರಿಟಿ ಉಲ್ಟಾ ಇದ್ದಾಗಿನ, ಅಂದರೆ ಒತ್ತಿದಾಗ ಕೂಡಬೇಕಾದ ಸಂಪರ್ಕ ಕಡಿಯುವಾಗಿನ, ಕಥೆ ಬೇರೆ. ಪೆಡಲಿನ ಕಣ್ಣಿಗೆ ಗುಂಡಿ ಸದಾ ಒತ್ತಿಯೇ ಇರುವಂತೆ ಕಾಣುತ್ತದೆ. ಒತ್ತಿ ಹಿಡಿದಾಗ ನಡೆಯಬೇಕಾದ ಕೆಲಸಗಳು, ಅಂದರೆ ಮುಗಿಯದ ಮರುದನಿ, ನುಡಿಸಿದ್ದನ್ನು ಸುತ್ತಿ ಸುತ್ತಿ ಕೇಳಿಸುವ ಲೂಪರ್ ಮುಂತಾದವು ತಾವಾಗಿಯೇ ಶುರುವಾಗುತ್ತವೆ. ತಟ್ಟು ದಾಖಲಾಗುವುದು ಒತ್ತಿದಾಗಲ್ಲ, ಕಾಲು ಎತ್ತಿದಾಗ. ಎಫ್‌ಎಸ್-5ಯುನಲ್ಲಿ ಇದಕ್ಕೆಂದೇ ಪಕ್ಕದಲ್ಲಿ ಪುಟ್ಟ ಸ್ವಿಚ್ ಇದೆ. ಆ ಬದಿಯಿಂದ ಈ ಬದಿಗೆ ತಳ್ಳಿ ನೋಡಿ. ಇಂಥ ಬದಲಾವಣೆಗಳನ್ನು ಪೆಡಲಿನ ವಿದ್ಯುತ್ ತೆಗೆದು ಮಾಡುವುದು ಒಳ್ಳೆಯದು. ಆನ್ ಆಗುವ ಹೊತ್ತಿನಲ್ಲೇ ಪೋಲಾರಿಟಿಯನ್ನು ಗುರುತಿಸಿಕೊಳ್ಳುವ ಪೆಡಲ್‌ಗಳೂ ಇವೆ.

ಮಲ್ಟಿಮೀಟರ್ ಇದ್ದರೆ ಊಹೆಯ ಮಾತೇ ಬೇಡ. ಫುಟ್‌ಸ್ವಿಚ್ಚಿಗೆ ಕೇಬಲ್ ಹಾಕಿ, ಇನ್ನೊಂದು ತುದಿಯನ್ನು ಎಲ್ಲಿಯೂ ಜೋಡಿಸದೆ, ಮೀಟರನ್ನು ಬೀಪ್ ಸದ್ದಿನ ಸ್ಥಾನದಲ್ಲಿಟ್ಟು ಪ್ಲಗ್ಗಿನ ತುದಿಗೂ ಬುಡಕ್ಕೂ ಕಡ್ಡಿ ತಾಗಿಸಿ. ಒತ್ತಿದಷ್ಟು ಹೊತ್ತು ಮಾತ್ರ ಬೀಪ್ ಬಂದರೆ ಸಾಮಾನ್ಯವಾಗಿ ಸರಿ. ಒತ್ತದಿದ್ದಾಗ ಬೀಪ್, ಒತ್ತಿದಾಗ ಮೌನವಾದರೆ ಪೋಲಾರಿಟಿ ಉಲ್ಟಾ. ಒಂದು ಒತ್ತಿಗೆ ಶುರುವಾಗಿ ಮುಂದಿನ ಒತ್ತಿನವರೆಗೆ ಕೂಗುತ್ತಲೇ ಇದ್ದರೆ ಲ್ಯಾಚ್. ಕೇಬಲನ್ನು ಅಲುಗಿಸಿದಾಗ ಬಿಟ್ಟು ಬಿಟ್ಟು ಕೂಗಿದರೆ ಸ್ವಿಚ್ಚಿನ ತಪ್ಪೇನಿಲ್ಲ, ಕೇಬಲ್ ಹೋಗಿದೆ. ಪ್ಲಗ್ಗಿನ ಮೇಲೆ ಎರಡು ಕಪ್ಪು ಉಂಗುರಗಳಿದ್ದರೆ ಅದು ಟಿಆರ್‌ಎಸ್, ಒಂದೇ ಇದ್ದರೆ ಟಿಎಸ್. ಒಂದನ್ನು ಕೇಳುವ ಜ್ಯಾಕಿಗೆ ಇನ್ನೊಂದನ್ನು ಹಾಕಿದರೆ ಕೆಲವು ಪೆಡಲ್‌ಗಳು ಅದನ್ನು ಕಾಲಿನಿಂದ ಹಿಂದೆ ಮುಂದೆ ಬಾಗಿಸಿ ಸೆಟ್ಟಿಂಗ್ ಬದಲಿಸುವ ಎಕ್ಸ್‌ಪ್ರೆಷನ್ ಪೆಡಲ್ ಎಂದು ತಿಳಿದು ಗೊಂದಲಕ್ಕೆ ಬೀಳುತ್ತವೆ. 

## ಲಯ ಬದಲಾಗುತ್ತದೆ, ಆದರೆ ಬೇರೆಯದೇ ಆಗುತ್ತದೆ

ಇಲ್ಲಿ ಪೆಡಲಿನ ಮಿನುಗು ದೀಪವೇ ಸಾಕ್ಷಿ. 120ಕ್ಕೆ ತಟ್ಟಿ, ದೀಪವನ್ನು ಮೆಟ್ರೊನೋಮಿನೊಂದಿಗೆ ಹೋಲಿಸಿ. ದೀಪ ಸರಿಯಾಗಿ ಮಿನುಗುತ್ತಿದ್ದು ಮರುದನಿ ಮಾತ್ರ ಬೇರೆ ಕಡೆ ಬೀಳುತ್ತಿದ್ದರೆ ಪೆಟ್ಟಿನ ಎಷ್ಟು ಭಾಗಕ್ಕೆ ಮರುದನಿ ಬರಬೇಕೆಂದು ಆರಿಸುವ ಸಬ್‌ಡಿವಿಷನ್ ಸ್ವಿಚ್ ಬದಲಾಗಿದೆ. ಹಲವು ಪೆಡಲ್‌ಗಳಲ್ಲಿ ದೀಪ ತೋರಿಸುವುದು ನೀವು ತಟ್ಟಿದ ಪೆಟ್ಟನ್ನು, ಮರುದನಿ ಬರುವುದು ಅದರ ಭಾಗದಲ್ಲಿ. ಇನ್ನು ಕೆಲವು ಪೆಡಲ್‌ಗಳಲ್ಲಿ ದೀಪ ಮರುದನಿಯನ್ನೇ ಹಿಂಬಾಲಿಸುವುದರಿಂದ ನಿಮ್ಮದು ಯಾವ ಬಗೆಯದೆಂದು ಒಮ್ಮೆ ಖಚಿತಪಡಿಸಿಕೊಳ್ಳಿ.

ಅತಿ ಹೆಚ್ಚು ಗಾಬರಿ ಹುಟ್ಟಿಸುವುದು ಮುಕ್ಕಾಲಿನ ಸ್ಥಾನ, ಅಂದರೆ ಡಾಟೆಡ್ ಎಯ್ತ್. ಚತುರಶ್ರ ನಡೆಯಲ್ಲಿ ‘ತ ಕ ಧಿ ಮಿ’ ಎಂದು ಹೇಳಿಕೊಳ್ಳುವವರಿಗೆ ಇದು ಸುಲಭ. ನಾಲ್ಕು ಮಾತ್ರೆಗಳಲ್ಲಿ ಮೂರು ಕಳೆದು ನಾಲ್ಕನೆಯದರ ಮೇಲೆ, ‘ಮಿ’ಯಲ್ಲಿ, ಮೊದಲ ಮರುದನಿ ಬೀಳುತ್ತದೆ, ಎರಡನೆಯದು ಮುಂದಿನ ಪೆಟ್ಟಿನ ‘ಧಿ’ಯಲ್ಲಿ, ಮೂರನೆಯದು ಅದರ ಮುಂದಿನ ಪೆಟ್ಟಿನ ‘ಕ’ದಲ್ಲಿ. ತಕಧಿಮಿಯ ಮೇಲೆ ತಕಿಟ ಹೇರಿದಂತೆ. 120ರಲ್ಲಿ ಒಂದು ಮಾತ್ರೆ 125 ಮಿಲಿಸೆಕೆಂಡ್, ಮೂರು ಸೇರಿ 375. ಒಂಟಿ ಸ್ವರಗಳನ್ನು ಸಮವಾಗಿ ಮೀಟುತ್ತಾ ಹೋದರೆ ಇದು ಸೊಗಸು. ಕಾರ್ಡ್‌ಗಳನ್ನು ಬಾರಿಸುವವನ ಕಿವಿಗೆ ಪೆಡಲ್ ಹುಚ್ಚೆದ್ದಂತೆ ಕೇಳುತ್ತದೆ. ಸ್ವಿಚ್ಚನ್ನು ಪೂರ್ತಿ ಪೆಟ್ಟಿಗೆ ತಂದರೆ ಮುಗಿಯಿತು.

ದೀಪವೇ ತಪ್ಪಾಗಿ ಮಿನುಗುತ್ತಿದ್ದರೆ ಕಾಲನ್ನು ನೋಡೋಣ. ಟ್ಯಾಪ್ ಕೇಳುವುದು ಸಮ ಅಂತರವನ್ನು. ಮಿಶ್ರಛಾಪು ಅಭ್ಯಾಸವಾದವರ ಕಾಲು ತಾನಾಗಿಯೇ ಛಾಪಿನ ಪೆಟ್ಟುಗಳ ಮೇಲೆ, ಮೂರು ಎರಡು ಎರಡು ಮಾತ್ರೆಗಳ ಅಂತರದಲ್ಲಿ ಬೀಳುತ್ತದೆ. ಒಂದು ಮಾತ್ರೆ 200 ಮಿಲಿಸೆಕೆಂಡ್ ಎಂದುಕೊಂಡರೆ ಪೆಡಲಿಗೆ ಸಿಗುವುದು 600, 400, 400. ಸರಾಸರಿ ತೆಗೆಯುವ ಪೆಡಲ್ 467ಕ್ಕೆ ಹೋಗಿ ಕೂರುತ್ತದೆ, ಅದು ಹಾಡಿನ ಯಾವ ಮಾತ್ರೆಗೂ ಸೇರದ ಸಂಖ್ಯೆ. ಇಂಥ ತಾಳಗಳಲ್ಲಿ ಛಾಪನ್ನು ಮರೆತು ಒಂದೊಂದೇ ಮಾತ್ರೆಯನ್ನು, ಇಲ್ಲವೇ ಎರಡೆರಡು ಮಾತ್ರೆಗೊಮ್ಮೆ, ಸಮನಾಗಿ ತಟ್ಟಬೇಕು.

ಕಾಲು ಸರಿಯಿದೆಯೋ ಇಲ್ಲವೋ ತಿಳಿಯಲು ಪೆಡಲನ್ನು ಮೇಜಿನ ಮೇಲಿಟ್ಟು ಕೈಯಿಂದ ತಟ್ಟಿ. ಕೈಗೆ ಸರಿ, ಕಾಲಿಗೆ ತಪ್ಪು ಎಂದಾದರೆ ಸಾಮಾನ್ಯವಾಗಿ ಶೂ ಅಟ್ಟೆ ದಪ್ಪವಾಗಿರುತ್ತದೆ ಅಥವಾ ಪೆಡಲ್ ಹಿಂದಿನ ಸಾಲಿನಲ್ಲಿದ್ದು ಕಾಲು ಚಾಚಬೇಕಾಗಿರುತ್ತದೆ. ಮುಂದಿನ ಸಾಲಿಗೆ ತನ್ನಿ.

## ದೀಪ ಇದ್ದಕ್ಕಿದ್ದಂತೆ ಅತಿ ವೇಗವಾಗಿ ಮಿನುಗುತ್ತದೆ

ನಿಧಾನವಾಗಿ ತಟ್ಟುತ್ತಿದ್ದರೂ ದೀಪ ಪಟಪಟನೆ ಮಿನುಗಿ, ಮರುದನಿಗಳು ಒಂದಕ್ಕೊಂದು ಅಂಟಿಕೊಂಡು ತಗಡಿನ ಡಬ್ಬದೊಳಗೆ ನುಡಿಸಿದಂತೆ ಕೇಳಿದರೆ, ಇದು ನಿಜವಾದ ದೋಷ. ಯಾವ ಸ್ವಿಚ್ಚಿನಲ್ಲೂ ಲೋಹದ ಸಂಪರ್ಕಗಳು ಕೂಡುವಾಗ ಕೆಲವು ಮಿಲಿಸೆಕೆಂಡ್ ಪುಟಿಯುತ್ತವೆ. ಪೆಡಲಿನ ತಂತ್ರಾಂಶ ಅದನ್ನು ಸೋಸುತ್ತದೆ. ಸ್ವಿಚ್ ಸವೆದಾಗ ಪುಟಿತ ಹೆಚ್ಚಾಗಿ ಆ ಸೋಸುವಿಕೆಯನ್ನು ದಾಟುತ್ತದೆ, ಒಂದು ತುಳಿತ ಎರಡಾಗಿ ದಾಖಲಾಗುತ್ತದೆ.

ಗುಂಡಿಯ ನಡುವೆ ಒತ್ತಿ, ಆಮೇಲೆ ಅಂಚಿನಲ್ಲಿ ಒತ್ತಿ. ಅಂಚಿನಲ್ಲಿ ಮಾತ್ರ ದೋಷ ಬಂದರೆ ಮೊದಲು ಸ್ವಿಚ್ಚಿನ ಮೇಲಿನ ನಟ್ಟು ಸಡಿಲವಾಗಿದೆಯೇ ನೋಡಿ. ಬಿಗಿ ಮಾಡುವಾಗ ಸ್ವಿಚ್ಚಿನ ಒಡಲು ಒಳಗೆ ತಿರುಗದಂತೆ ನೋಡಿಕೊಳ್ಳಬೇಕು. ತಿರುಗಿದರೆ ವೈರುಗಳು ಬೆಸುಗೆಯ ಬುಡದಲ್ಲೇ ಮುರಿಯುತ್ತವೆ. ನಟ್ಟಿನೊಂದಿಗೆ ಗುಂಡಿಯೂ ತಿರುಗುವಂತೆ ಕಂಡರೆ ನಿಲ್ಲಿಸಿ, ಅಡಿಯ ಮುಚ್ಚಳ ತೆಗೆದು ಒಳಗಿನಿಂದ ಹಿಡಿದುಕೊಂಡೇ ಬಿಗಿ ಮಾಡಿ. ಧೂಳಿನ ಅನುಮಾನವಿದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಪ್ರಯತ್ನಿಸಬಹುದು, ವಿದ್ಯುತ್ ತೆಗೆದು, ಚೆನ್ನಾಗಿ ಆರಲು ಬಿಟ್ಟು. ಸವೆದ ಸ್ವಿಚ್ಚಿಗೆ ಅದು ಕೆಲವು ವಾರಗಳ ಆಯುಷ್ಯ ಕೊಟ್ಟರೆ ಹೆಚ್ಚು.

ಬೆಸುಗೆ ಬಲ್ಲವರು ಸ್ವಿಚ್ಚನ್ನು ತಾವೇ ಬದಲಿಸಬಹುದು. ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಬರೀ ‘ಪೆಡಲ್ ಸ್ವಿಚ್ ಕೊಡಿ’ ಎಂದರೆ ಒಂಬತ್ತು ಕಾಲಿನ ಲ್ಯಾಚ್ ಸ್ವಿಚ್ ಕೈಗೆ ಬರುವ ಸಾಧ್ಯತೆಯೇ ಹೆಚ್ಚು. ಅದು ಪೆಡಲನ್ನು ಆನ್ ಆಫ್ ಮಾಡುವ ಬೈಪಾಸಿಗೆ ಬಳಸುವುದು. ‘ಮೊಮೆಂಟರಿ, ಒತ್ತಿದಾಗ ಕೂಡುವುದು, 12 ಮಿಲಿಮೀಟರ್ ತೂತಿನದು’ ಎಂದು ಕೇಳಿ. ಹಳೆಯ ಸ್ವಿಚ್ಚನ್ನು ಜೊತೆಗೇ ಒಯ್ದರೆ ಇನ್ನೂ ಒಳ್ಳೆಯದು. ಆದರೆ ಸ್ವಿಚ್ ವೈರಿನಲ್ಲಿ ನೇತಾಡದೆ ನೇರವಾಗಿ ಸರ್ಕ್ಯೂಟ್ ಬೋರ್ಡಿಗೆ ಬೆಸೆದಿದ್ದರೆ ಅನುಭವಸ್ಥರಿಗೆ ಬಿಡಿ. ಬಲವಂತ ಮಾಡಿದರೆ ತಾಮ್ರದ ಪದರವೇ ಕಿತ್ತು ಬರುತ್ತದೆ.

## ಆರಂಭದಲ್ಲಿ ಸರಿ, ಹಾಡು ಸಾಗಿದಂತೆ ಹೊಂದುವುದಿಲ್ಲ

ಪೆಡಲ್ ನೆಟ್ಟಗಿದೆ, ತಂಡ ಓಡುತ್ತಿದೆ. ಮೆಟ್ರೊನೋಮ್ ಇಲ್ಲದೆ ನುಡಿಸುವ ಡ್ರಮ್ಮರ್ 120ರಿಂದ 124ಕ್ಕೆ ಏರಿದರೆ ಯಾರಿಗೂ ಗೊತ್ತಾಗುವುದಿಲ್ಲ, ಡಿಲೇಗೆ ಗೊತ್ತಾಗುತ್ತದೆ. 500 ಇರಬೇಕಾದಲ್ಲಿ ಈಗ 484 ಬೇಕು. ಮೊದಲ ಮರುದನಿ 16 ಮಿಲಿಸೆಕೆಂಡ್ ಹಿಂದೆ ಬೀಳುತ್ತದೆ, ಅದು ಕಿವಿಗೆ ದಕ್ಕದು. ಪ್ರತಿ ಮರುದನಿಗೂ ತಪ್ಪು ಕೂಡುತ್ತಾ ಹೋಗಿ ನಾಲ್ಕನೆಯದು 64 ಮಿಲಿಸೆಕೆಂಡ್ ಹಿಂದುಳಿದಾಗ ಎಲ್ಲರೂ ತಿರುಗಿ ನೋಡುತ್ತಾರೆ. ಫೀಡ್‌ಬ್ಯಾಕನ್ನು ಎರಡು ಮರುದನಿಗೆ ಇಳಿಸಿದರೆ ಅರ್ಧ ಸಮಸ್ಯೆ ಹೋಯಿತು. ಉಳಿದರ್ಧಕ್ಕೆ ಪ್ರತಿ ಚರಣದ ಆರಂಭದಲ್ಲಿ ಮತ್ತೆ ತಟ್ಟಿ. ತಟ್ಟುವಾಗ ನೋಡಬೇಕಾದದ್ದು ಡ್ರಮ್ಮರನ ಹೈಹ್ಯಾಟನ್ನು, ನಿಮ್ಮದೇ ಮರುದನಿಯನ್ನಲ್ಲ.

## ತಟ್ಟಿದ ಕ್ಷಣ ಸ್ವರ ಮೇಲೆ ಕೆಳಗೆ ಜಾರುತ್ತದೆ

ಅನಲಾಗ್ ಡಿಲೇಯಲ್ಲಿ ಇದು ಸಹಜ. ಸದ್ದು ಬಕೆಟ್ ಬ್ರಿಗೇಡ್ ಎಂಬ ಚಿಪ್ಪಿನೊಳಗೆ ಹಂತದಿಂದ ಹಂತಕ್ಕೆ, ಕ್ಲಾಕ್ ಎಂಬ ಮಿಡಿತದ ಹೆಜ್ಜೆಗೆ ಸಾಗುತ್ತಿರುತ್ತದೆ. ನಡುದಾರಿಯಲ್ಲಿ ಕ್ಲಾಕ್ ಬದಲಾದರೆ ಒಳಗಿರುವ ಸದ್ದಿನ ಶ್ರುತಿಯೂ ಬದಲಾಗುತ್ತದೆ. ಡಿಜಿಟಲ್ ಪೆಡಲ್‌ಗಳಲ್ಲಿ ಕೆಲವು ಇದನ್ನು ಬೇಕೆಂದೇ ಅನುಕರಿಸುತ್ತವೆ. ಬೇಡವಾದರೆ ಹಿಂದಿನ ಮರುದನಿಗಳೆಲ್ಲ ಮುಗಿದ ಮೇಲೆ ತಟ್ಟಿ. ಯಾರೂ ಮುಟ್ಟದೆಯೇ ಶ್ರುತಿ ಅಲುಗುತ್ತಿದ್ದರೆ ಮರುದನಿಯನ್ನು ಬೇಕೆಂದೇ ಅಲುಗಿಸುವ ಮಾಡ್ಯುಲೇಷನ್ ಗುಂಡಿ ಆನ್ ಇದೆ.

## ಟಿಕ್ ಟಿಕ್, ಸಿಳ್ಳೆ, ಗುಂಯ್

ದೀಪದ ಮಿನುಗಿನೊಂದಿಗೇ ಟಿಕ್ ಟಿಕ್ ಕೇಳಿದರೆ, ದೀಪ ಹೊತ್ತಿದಾಗಲೆಲ್ಲ ಎಳೆಯುವ ಕರೆಂಟ್ ಸದ್ದಿನ ದಾರಿಗೆ ಸೋರುತ್ತಿದೆ ಎಂದರ್ಥ. ಒಂದೇ ಅಡಾಪ್ಟರಿನಿಂದ ಐದಾರು ಪೆಡಲ್‌ಗಳಿಗೆ ಕವಲು ಹಾಕಿದ್ದರೆ ಡಿಲೇಯನ್ನು ಅದರಿಂದ ಬಿಡಿಸಿ ಬೇರೆ ಅಡಾಪ್ಟರಿಗೆ ಹಾಕಿ. ಸದ್ದು ಹೋದರೆ ಪ್ರತ್ಯೇಕ ಔಟ್‌ಪುಟ್‌ಗಳಿರುವ ಐಸೊಲೇಟೆಡ್ ಪವರ್ ಸಪ್ಲೈ ಕೊಳ್ಳುವುದೇ ಪರಿಹಾರ. ಹೋಗದಿದ್ದರೆ ದೋಷ ಪೆಡಲಿನೊಳಗಿದೆ.

ಸಿಳ್ಳೆಯನ್ನು ಟ್ಯಾಪಿನಿಂದಲೇ ಪರೀಕ್ಷಿಸಬಹುದು. ವೇಗವಾಗಿ ತಟ್ಟಿ, ನಿಧಾನವಾಗಿ ತಟ್ಟಿ. ಸಿಳ್ಳೆಯ ಶ್ರುತಿ ಅದರೊಂದಿಗೆ ಏರಿಳಿದರೆ ಅದು ಅನಲಾಗ್ ಚಿಪ್ಪಿನ ಕ್ಲಾಕ್. ಎಂಎನ್3005 ಎಂಬ ಬಕೆಟ್ ಬ್ರಿಗೇಡ್ ಚಿಪ್ಪಿನಲ್ಲಿ 4,096 ಹಂತಗಳಿವೆ. ಕ್ಲಾಕ್ 10 ಕಿಲೊಹರ್ಟ್ಸ್ ಇದ್ದಾಗ ಸಿಗುವ ವಿಳಂಬ ಸುಮಾರು 205 ಮಿಲಿಸೆಕೆಂಡ್. ಅಂಥ ಎರಡು ಚಿಪ್ಪುಗಳಿಂದ 600 ತೆಗೆಯಬೇಕಾದರೆ ಕ್ಲಾಕ್ 7 ಕಿಲೊಹರ್ಟ್ಸಿಗಿಂತ ಕೆಳಗಿಳಿಯುತ್ತದೆ, ಅದು ಮನುಷ್ಯನ ಕಿವಿಗೆ ಚೆನ್ನಾಗಿ ಕೇಳುವ ಸದ್ದು. ಅವಧಿ ಗರಿಷ್ಠದ ಹತ್ತಿರ ಹೋದಾಗ ಸಣ್ಣಗೆ ಕೇಳಿಸಿದರೆ ಒಪ್ಪಿಕೊಳ್ಳಿ. ಮೊದಲಿಲ್ಲದ ಸಿಳ್ಳೆ ಈಗ ಜೋರಾಗಿದ್ದರೆ ತಂತ್ರಜ್ಞರು ಫಿಲ್ಟರ್ ಭಾಗ ನೋಡಬೇಕು. ತಟ್ಟಿಗೆ ಬಗ್ಗದ ಸಿಳ್ಳೆ ಸಾಮಾನ್ಯವಾಗಿ ಅಡಾಪ್ಟರಿನದು.

ಗುಂಯ್ ಎನ್ನುವುದು ಅರ್ಥಿಂಗ್ ಪ್ರಶ್ನೆ. ಗಣೇಶನ ಪೆಂಡಾಲಿನಲ್ಲಿ ಜನರೇಟರ್ ಮೇಲೆ ನುಡಿಸುವಾಗ ಇದು ಹೆಚ್ಚು. ಸೀರಿಯಲ್ ಸೆಟ್ ದೀಪಗಳಿರುವ ಎಕ್ಸ್‌ಟೆನ್ಷನ್ ಬೋರ್ಡಿಗೇ ಪೆಡಲ್ ಮತ್ತು ಆ್ಯಂಪ್ ಹಾಕಬೇಡಿ. ಗುಂಯ್ ಕಡಿಮೆಯಾಗುತ್ತದೆಂದು ಆ್ಯಂಪಿನ ಮೂರನೇ ಪಿನ್ ಮುರಿಯುವವರಿದ್ದಾರೆ. ಅದು ಪ್ರಾಣಕ್ಕೆ ಎರವಾಗುವ ಕೆಲಸ. ತಂತಿ ಹಿಡಿದು ಹಾಡುವಾಗ ಮೈಕ್ ತಾಗಿ ತುಟಿ ಜುಮ್ಮೆಂದರೆ ಆ ಕ್ಷಣವೇ ಗಿಟಾರ್ ಕೆಳಗಿಡಿ. ಎಲೆಕ್ಟ್ರಿಷಿಯನ್ ನೋಡಿ ಸರಿಪಡಿಸುವವರೆಗೆ ಕಾರ್ಯಕ್ರಮ ನಿಲ್ಲಲಿ.

## ಆನ್ ಆಗುವುದಿಲ್ಲ, ಅಥವಾ ನಡುನಡುವೆ ತಾನೇ ಆಫ್ ಆಗುತ್ತದೆ

ಅಡಾಪ್ಟರಿನ ಮೇಲಿನ ಬರಹ ಓದಿ. ನಾಲ್ಕು ವಿಷಯ ಹೊಂದಬೇಕು: ವೋಲ್ಟ್, ಎಸಿಯೋ ಡಿಸಿಯೋ, ಪ್ಲಗ್ಗಿನ ನಡುಭಾಗ ಧನವೋ ಋಣವೋ ಎಂಬ ಪೋಲಾರಿಟಿ, ಮಿಲಿಆ್ಯಂಪ್. ಹೆಚ್ಚಿನ ಪೆಡಲ್‌ಗಳು 9 ವೋಲ್ಟ್ ಡಿಸಿ, ನಡುವೆ ಋಣ. ಆದರೆ 1999ರ ಹಳೆಯ ಲೈನ್ 6 ಡಿಎಲ್4 ಕೇಳುವುದು 9 ವೋಲ್ಟ್ ಎಸಿ. 2022ರಲ್ಲಿ ಬಂದ ಅದರ ಎರಡನೇ ಆವೃತ್ತಿಗೆ ಡಿಸಿ. ಎರಡನ್ನೂ ಒಂದೇ ಎಂದು ತಿಳಿದರೆ ಕಷ್ಟ. ಕೀಬೋರ್ಡ್ ನುಡಿಸುವವರ ಅಡಾಪ್ಟರ್ ಎರವಲು ತರುವ ಮುನ್ನ ಎರಡು ಸಲ ಯೋಚಿಸಿ: ಅವುಗಳಲ್ಲಿ ಹಲವು 12 ವೋಲ್ಟಿನವು, ನಡುವೆ ಧನ.

ಮಿಲಿಆ್ಯಂಪ್ ಮಾತ್ರ ಹೆಚ್ಚಿದ್ದರೆ ತೊಂದರೆಯಿಲ್ಲ, ಕಡಿಮೆಯಿದ್ದರೆ ತೊಂದರೆ. ಸ್ಟ್ರೈಮನ್ ಟೈಮ್‌ಲೈನ್‌ನಂಥ ಡಿಜಿಟಲ್ ಡಿಲೇಗೆ 300 ಮಿಲಿಆ್ಯಂಪ್ ಬೇಕು. ಪವರ್ ಸಪ್ಲೈಯ 100 ಮಿಲಿಆ್ಯಂಪ್ ಕಿಂಡಿಗೆ ಸಿಕ್ಕಿಸಿದರೆ ದೀಪ ಹೊತ್ತಿ, ನುಡಿಸುವಾಗ ಆರಿ, ಮತ್ತೆ ಹೊತ್ತುತ್ತದೆ. ಪ್ರತಿ ಸಲವೂ ತಟ್ಟಿದ ಲಯ ಮರೆತುಹೋಗುವುದರಿಂದ ಇದನ್ನೂ ‘ಟ್ಯಾಪ್ ಕೆಟ್ಟಿದೆ’ ಎಂದೇ ದೂರುತ್ತಾರೆ.

ತಪ್ಪು ಅಡಾಪ್ಟರ್ ಹಾಕಿದ ಮೇಲೆ ಸುಟ್ಟ ವಾಸನೆ ಬಂದರೆ, ಪೆಡಲ್ ಬಿಸಿಯಾದರೆ, ‘ಇನ್ನೊಮ್ಮೆ ನೋಡೋಣ’ ಎನ್ನಬೇಡಿ. ಉಲ್ಟಾ ವೋಲ್ಟೇಜಿನಿಂದ ಕಾಪಾಡಲು ಇಟ್ಟ ಡಯೋಡ್ ಮಾತ್ರ ಹೋಗಿದ್ದರೆ ದುರಸ್ತಿ ಅಗ್ಗ. ಮತ್ತೆ ಮತ್ತೆ ಆನ್ ಮಾಡಿದರೆ ಪ್ರೊಸೆಸರ್ ಹೋಗುತ್ತದೆ.

## ಗಿಟಾರಿನ ಮೂಲ ಸದ್ದೇ ಇಲ್ಲ, ಮರುದನಿ ಮಾತ್ರ

ಮೂಲ ಸದ್ದನ್ನು ತಡೆಯುವ ‘ಕಿಲ್ ಡ್ರೈ’ ಸೆಟ್ಟಿಂಗ್ ಆನ್ ಆಗಿದೆ, ಅಥವಾ ಎರಡನೇ ಔಟ್‌ಪುಟ್ಟಿಗೆ ಕೇಬಲ್ ಸಿಕ್ಕಿದೆ. ಬಾಸ್ ಡಿಡಿ-3ರಲ್ಲಿ ಡೈರೆಕ್ಟ್ ಔಟ್ ಬಳಸಿದರೆ ಮುಖ್ಯ ಔಟ್‌ಪುಟ್ಟಿನಲ್ಲಿ ಮರುದನಿ ಮಾತ್ರ ಉಳಿಯುತ್ತದೆ.

## ಬಿಚ್ಚುವ ಮುನ್ನ, ಕಳುಹಿಸುವ ಮುನ್ನ

ವಾರಂಟಿ ಇದ್ದರೆ ಸ್ಕ್ರೂ ಮುಟ್ಟಬೇಡಿ. ತಂತ್ರಾಂಶವಿರುವ ಪೆಡಲ್ ಆದರೆ ಪ್ರೀಸೆಟ್‌ಗಳನ್ನು ಬರೆದಿಟ್ಟುಕೊಂಡು ಒಮ್ಮೆ ಫ್ಯಾಕ್ಟರಿ ರೀಸೆಟ್ ಮಾಡಿ. ಇಡೀ ಪೆಡಲಿಗೆ ಅನ್ವಯಿಸುವ (ಗ್ಲೋಬಲ್) ಸೆಟ್ಟಿಂಗಿನಲ್ಲಿ ಹುದುಗಿದ ತಪ್ಪುಗಳು ಅದರಿಂದ ಹೋಗುತ್ತವೆ. 9 ವೋಲ್ಟಿನ ಪೆಡಲ್ ಒಳಗೆ ಸಾಮಾನ್ಯವಾಗಿ ಶಾಕ್ ಹೊಡೆಯುವಂಥದ್ದು ಏನೂ ಇರುವುದಿಲ್ಲ. ಗೋಡೆಗೆ ಸಿಕ್ಕಿಸುವ ಅಡಾಪ್ಟರ್ ಹಾಗಲ್ಲ, 230 ವೋಲ್ಟ್ ಅದರೊಳಗಿದೆ. ವಾಲ್ವ್ ಆ್ಯಂಪಿನ ಕೆಪಾಸಿಟರುಗಳಂತೂ ಪ್ಲಗ್ ಕಿತ್ತ ಮೇಲೂ ನೂರಾರು ವೋಲ್ಟ್ ಹಿಡಿದಿಟ್ಟಿರುತ್ತವೆ. ಅವೆರಡನ್ನೂ ಮನೆಯಲ್ಲಿ ಬಿಚ್ಚಬೇಡಿ.

ದುರಸ್ತಿಗೆ ಕೊಡುವಾಗ ಪೆಡಲಿನ ಜೊತೆಗೆ ಅದರ ಅಡಾಪ್ಟರ್, ಫುಟ್‌ಸ್ವಿಚ್, ಅದರ ಕೇಬಲ್ ಎಲ್ಲವೂ ಹೋಗಲಿ. ಮೆಟ್ರೊನೋಮ್ ಕೇಳುವಂತೆ, ದೀಪ ಕಾಣುವಂತೆ, ನಿಧಾನವಾಗಿ ತಟ್ಟುವ ಅರ್ಧ ನಿಮಿಷದ ವಿಡಿಯೊ ಒಂದನ್ನೂ ಕಳುಹಿಸಿ. ಬಂದುಹೋಗುವ ದೋಷ ತಂತ್ರಜ್ಞರ ಮೇಜಿನ ಮೇಲೆ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದಿಲ್ಲ, ಆಗ ಅವರಿಗಿರುವ ಆಧಾರ ಆ ವಿಡಿಯೊ ಮಾತ್ರ.